ಚಲುವಯ್ಯನವರು ಕೂರಲಿಲ್ಲ

ಹಲಸೂರಿನ ಚಲುವಯ್ಯನವರಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ. ಕೂರುವುದು. ಬೆಳಿಗ್ಗೆ ಎದ್ದು ಜಗಲಿಯ ಮೇಲೆ ಕೂರುವುದು, ಆಮೇಲೆ ಊಟಕ್ಕೆ ಕೂರುವುದು, ಕಚೇರಿಗೆ ಹೋಗಿ ಕುರ್ಚಿಯಲ್ಲಿ ಕೂರುವುದು, ಸಾಯಂಕಾಲ ಬಂದು ಬೆಳಿಗ್ಗೆ ಬಿಟ್ಟುಹೋದ ಜಗಲಿಯನ್ನೇ ಮತ್ತೆ ಹಿಡಿಯುವುದು. ದೊಡ್ಡ ಆಸೆ ಇಟ್ಟುಕೊಂಡು ಕೆಟ್ಟವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಇಷ್ಟು ಸಣ್ಣ ಆಸೆಯವನೂ ಕೆಡಬಹುದು ಎಂದು ತಿಳಿದದ್ದು ನಲವತ್ತೆರಡನೇ ಇಸವಿಯ ಆಗಸ್ಟಿನಲ್ಲಿ.

ಅವರು ಕಂಟೋನ್ಮೆಂಟಿನ ಒಂದು ಮಿಲಿಟರಿ ಉಗ್ರಾಣದ ಕಚೇರಿಯಲ್ಲಿ ಗುಮಾಸ್ತರು. ಸಿಪಾಯಿಗಳ ಕಂಬಳಿ, ಬೂಟು, ಕಾಲುಚೀಲಗಳ ಲೆಕ್ಕ ಬರೆಯುವುದು ಕೆಲಸ. ಯುದ್ಧ ಬರ್ಮಾದ ಕಡೆಯಿಂದ ಹತ್ತಿರ ಬಂದಷ್ಟೂ ಕಂಬಳಿ ಹೆಚ್ಚಿತು, ಬೂಟು ಹೆಚ್ಚಿತು, ಗುಮಾಸ್ತರು ಮಾತ್ರ ಇದ್ದಷ್ಟೇ ಉಳಿದರು. ಚಲುವಯ್ಯನವರಿಗೆ ನಲವತ್ತು ದಾಟಿತ್ತು. ಮೇಜಿನ ಹತ್ತಿರ ಹೋದರೆ ಮೊದಲು ಹೊಟ್ಟೆ ತಲುಪುತ್ತಿತ್ತು, ಆಮೇಲೆ ಅವರು. ಸದಾ ಸುಸ್ತು. ನಿದ್ದೆ ಮಾಡಿ ಎದ್ದರೆ ನಿದ್ದೆ ಮಾಡಿದ್ದಕ್ಕೇ ಆಯಾಸವಾಗುತ್ತಿತ್ತು.

ಆ ತಿಂಗಳು ಹೆಡ್ ಗುಮಾಸ್ತ ಅಂಜನಮೂರ್ತಿಯವರು ಎ.ಆರ್.ಪಿ. ದಳ ಸೇರಿದರು. ಆಕಾಶದಿಂದ ಬಾಂಬು ಬಿದ್ದಾಗ ಜನರನ್ನು ಕಾಪಾಡುವ ದಳ ಅದು. ಬಾಂಬು ಇನ್ನೂ ಬಿದ್ದಿರಲಿಲ್ಲವಾದ್ದರಿಂದ ಅವರು ತಗಡಿನ ಟೋಪಿ ಇಟ್ಟು, ಕೊರಳಿಗೊಂದು ಸೀಟಿ ಕಟ್ಟಿಕೊಂಡು ಕಚೇರಿಯವರನ್ನೇ ಕಾಪಾಡಲು ಶುರುಮಾಡಿದರು. ಕಾಪಾಡುವ ಕ್ರಮವೆಂದರೆ ಒಬ್ಬೊಬ್ಬರ ಮೇಜಿನ ಮುಂದೆ ನಿಂತು ದೇಹದಾರ್ಢ್ಯದ ಮೇಲೆ ಭಾಷಣ ಮಾಡುವುದು. ಒಂದು ಶನಿವಾರ ಸರದಿ ಚಲುವಯ್ಯನವರದ್ದಾಯಿತು.

"ಏನ್ರೀ ಇದು ಹೊಟ್ಟೆ! ಜಪಾನಿನವನು ಬಂದ್ರೆ ಓಡೋಕಾದ್ರೂ ಕಾಲಲ್ಲಿ ಕಸುವು ಬೇಡ್ವೇನ್ರೀ? ವ್ಯಾಯಾಮ ಗೀಯಾಮ ಏನಾದ್ರೂ ಮಾಡ್ತೀರೋ ಇಲ್ವೋ?"

"ದಿನಾ ಬೆಳಿಗ್ಗೆ ಐನೂರು ಬಸ್ಕಿ ಹೊಡೀತೀನಿ ಸಾರ್" ಎಂದರು ಚಲುವಯ್ಯನವರು. "ಹೊಟ್ಟೆ ನಮ್ಮ ವಂಶದ್ದು. ಅದಕ್ಕೂ ಬಸ್ಕಿಗೂ ಸಂಬಂಧ ಇಲ್ಲ."

ಇದನ್ನು ಜಂಬ ಎಂದು ಯಾರೂ ತಿಳಿಯಬಾರದು. ಸುಸ್ತಾದ ಮನುಷ್ಯ ಸುಳ್ಳು ಹೇಳುವಾಗ ಮಾತು ಯಾವುದರಿಂದ ಬೇಗ ಮುಗಿಯುತ್ತದೋ ಅದನ್ನು ಹೇಳುತ್ತಾನೆ. ಅಂಜನಮೂರ್ತಿಯವರ ಭಾಷಣವೇನೋ ನಿಂತಿತು. ಆದರೆ ಪಕ್ಕದ ಮೇಜಿನ ವಾಜಿದ್ ಎದ್ದು ನಿಂತುಬಿಟ್ಟ. ಈಗಿನ ಶಿವಾಜಿನಗರದ ಕಡೆಯ ವಾಜಿದ್ ಕುಸ್ತಿಯ ಹುಚ್ಚಿನವನು. ಒಳ್ಳೆಯ ಹುಡುಗ, ಆದರೆ ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರ.

"ಐನೂರಾ? ಅರೆ ವಾಹ್ ಚಲುವಯ್ಯ ಭಾಯಿ! ಇಷ್ಟು ದಿನ ಬಾಯೇ ಬಿಡ್ಲಿಲ್ವಲ್ಲ ನೀವು!"

ಭಾನುವಾರ ಚಲುವಯ್ಯನವರು ಜಗಲಿಯ ಮೇಲೆ ಕೂತು ಕಾಫಿಗೆ ಕಾಯುತ್ತಿದ್ದಾಗ ವಾಜಿದ್ ವಠಾರದ ಬಾಗಿಲಲ್ಲಿ ಪ್ರತ್ಯಕ್ಷನಾದ. "ನಡೀರಿ, ತುಮ್ನಾ ಉಸ್ತಾದ್ ಬುಲಾರೈಂ" ಎಂದ. ಉಸ್ತಾದ್ ಎಂದರೆ ಹಲಸೂರು ಕೆರೆಯ ಹತ್ತಿರದ ಗರಡಿಯ ದೊಡ್ಡಮುನಿಯಪ್ಪನವರು. ಅವರು ಕರೆದರೆ ಹಲಸೂರಿನಲ್ಲಿ ಯಾರೂ ಹೋಗದೆ ಇರುತ್ತಿರಲಿಲ್ಲ. ಕಾಫಿ ಒಲೆಯ ಮೇಲೇ ಉಳಿಯಿತು.

ಇಲ್ಲಿ ಗರಡಿಯ ಒಂದು ಕಟ್ಟಳೆಯನ್ನು ಹೇಳಬೇಕು. ಆ ಗರಡಿಯಲ್ಲಿ ಬಸ್ಕಿ ಹೊಡೆಯುವವನಿಗೆ ಯಾರೂ "ಸಾಕು" ಅನ್ನುವಂತಿಲ್ಲ. ಹಾಗೆಂದರೆ ಅವನ ಶಕ್ತಿ ಮುಗಿಯಿತೆಂದು ಹೀಯಾಳಿಸಿದ ಹಾಗೆ. ಹೊಡೆಯುವವನು ತನಗೆ ಸಾಕೆನಿಸಿದಾಗ ತಾನೇ ಬಗ್ಗಿ ಕೆಮ್ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಅಲ್ಲಿಗೆ ಮುಗಿಯಿತು. ಇದು ಹಲಸೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ಗರಡಿಯ ಹೊಸಿಲು ತುಳಿಯದ ಚಲುವಯ್ಯನವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಕಚೇರಿಯ ಕಟ್ಟಳೆ. ಅಲ್ಲಿ ಮೇಲಿನವರು ಶುರುಮಾಡು ಎಂದಾಗ ಶುರುಮಾಡಬೇಕು, ಸಾಕು ಎಂದಾಗ ನಿಲ್ಲಿಸಬೇಕು. ಅವರು ಅನ್ನುವ ಮೊದಲೇ ನಿಲ್ಲಿಸಿದವನು ಉದ್ಧಾರವಾದದ್ದಿಲ್ಲ.

ದೊಡ್ಡಮುನಿಯಪ್ಪನವರು ಮೀಸೆಯ ಮೇಲೆ ಕೈಯಾಡಿಸಿ, "ಹ್ಞೂಂ, ನೋಡೋಣ" ಎಂದರು. ಚಲುವಯ್ಯನವರು ಶುರುಮಾಡಿದರು.

ಸ್ವಲ್ಪ ಹೊತ್ತಾದ ಮೇಲೆ ಉಸ್ತಾದರ ಮುಖ ನೋಡಿದರು. ಸಾಕು ಎನ್ನಲಿಲ್ಲ. ಇನ್ನೂ ಸ್ವಲ್ಪ ಹೊಡೆದು ಮತ್ತೆ ನೋಡಿದರು. ಆ ದೈನ್ಯದ ನೋಟವನ್ನು ಉಸ್ತಾದರು ಕೆಚ್ಚು ಎಂದು ಓದಿಕೊಂಡರು. ಇವರು ಅವರ ಬಾಯಿ ನೋಡಿಕೊಂಡು ಏಳುತ್ತಿದ್ದಾರೆ, ಅವರು ಇವರ ಕೈ ನೋಡಿಕೊಂಡು ನಿಂತಿದ್ದಾರೆ. ಇಬ್ಬರೂ ಶಿಸ್ತಿನ ಮನುಷ್ಯರು. ವಾಜಿದ್ ಎಣಿಸುವುದನ್ನು ಬಿಟ್ಟು ಬಾಯಿ ತೆರೆದು ನಿಂತ. ಕುಸ್ತಿ ಆಡುತ್ತಿದ್ದವರು ಆಟ ಬಿಟ್ಟು ಸುತ್ತ ಸೇರಿದರು. ಚಲುವಯ್ಯನವರ ಕಣ್ಣಿಗೆ ಗರಡಿಯ ಗೋಡೆಯ ಆಂಜನೇಯ ಒಬ್ಬನಿದ್ದವನು ಮೂವರಾದ. ಮೂವರಲ್ಲಿ ಒಬ್ಬರೂ ಸಾಕು ಅನ್ನಲಿಲ್ಲ. ಕೊನೆಗೆ ಅವರು ಮುಖ ಅಡಿಯಾಗಿ ಕೆಮ್ಮಣ್ಣಿನ ಮೇಲೆ ಬಿದ್ದರು. ಹಣೆ ಮಣ್ಣಿಗೆ ಮುಟ್ಟಿದ್ದರಿಂದ ಕಟ್ಟಳೆಯೂ ನೆರವೇರಿತು.

"ಇಂಥ ಹಟ ನಾನು ನನ್ನ ಆಯಸ್ಸಲ್ಲೇ ನೋಡಿಲ್ಲ ಕಣಪ್ಪಾ" ಎಂದು ದೊಡ್ಡಮುನಿಯಪ್ಪನವರು ಕಣ್ಣೀರು ಒರೆಸಿಕೊಂಡು ಅವರನ್ನು ಎತ್ತಿ ತಬ್ಬಿಕೊಂಡರು. ತಬ್ಬಿಕೊಂಡದ್ದು ಒಳ್ಳೆಯದಾಯಿತು. ಬಿಟ್ಟಿದ್ದರೆ ಮತ್ತೆ ಬೀಳುತ್ತಿದ್ದರು.

ಸೋಮವಾರ ಬೆಳಿಗ್ಗೆ ಚಲುವಯ್ಯನವರ ಕಾಲುಗಳು ಮಡಚಿಕೊಳ್ಳುವುದನ್ನು ನಿಲ್ಲಿಸಿದ್ದವು. ತೊಡೆಗಳು ಊದಿ ಒನಕೆಯಂತಾಗಿದ್ದವು. ಹೆಂಡತಿ ಮುನಿಲಕ್ಷ್ಮಮ್ಮ ಹಿಂದಿನಿಂದ ತಳ್ಳಿ, ಗೋಡೆಗೆ ಒರಗಿಸಿ, ಒಂದು ಬೀರುವನ್ನು ನಿಲ್ಲಿಸುವ ಹಾಗೆ ಅವರನ್ನು ನಿಲ್ಲಿಸಿದಳು. ಒಮ್ಮೆ ನಿಂತ ಮೇಲೆ ಕೂರುವ ಮಾತೇ ಇಲ್ಲ. ಮಂಡಿ ಸ್ವಲ್ಪ ಬಗ್ಗಿಸಿದರೂ ಜೀವ ಹೋದಂತಾಗಿ ಕೂಗುತ್ತಿದ್ದರು. ಹಿತ್ತಲಿಗೆ ಹೋಗಿಬಂದ ವೃತ್ತಾಂತವನ್ನು ಮರ್ಯಾದೆಯ ದೃಷ್ಟಿಯಿಂದ ಬಿಡುತ್ತೇನೆ. ಬರುವಾಗ ಅವರ ಮುಖ ಬಿಳಿಚಿಕೊಂಡಿತ್ತು ಎಂದಷ್ಟೇ ಹೇಳಬಹುದು. ಹೋದ ನೀರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು.

"ರಜಾ ಹಾಕಿ" ಎಂದಳು ಮುನಿಲಕ್ಷ್ಮಮ್ಮ.

"ಏನಂತ ಹಾಕ್ಲಿ? ಬಸ್ಕಿ ಹೊಡೆದು ಕಾಲು ಹೋಯ್ತು ಅಂತಲಾ? ದಿನಾ ಐನೂರು ಹೊಡೀತೀನಿ ಅಂತ ಅಂಜನಮೂರ್ತಿಗೆ ಹೇಳಿದೀನಿ ಕಣೇ. ನಾನು ರಿಟೈರ್ ಆಗೋವರೆಗೂ ಆಡ್ಕೋತಾನೆ. ಯಾರಿಗೂ ಉಸಿರೆತ್ತಬೇಡ."

ಅವರು ಕಿಟಕಿಯ ಕಟ್ಟೆಯ ಮೇಲೆ ತಟ್ಟೆಯಿಟ್ಟುಕೊಂಡು ನಿಂತೇ ಉಂಡದ್ದನ್ನು ನಲ್ಲಿಯ ಹತ್ತಿರವಿದ್ದ ಚಿಕ್ಕಮುನಿಯಮ್ಮ ಕಂಡಳು. ವಠಾರದಲ್ಲಿ ನಡೆಯುವುದೆಲ್ಲ ಅವಳ ಕಣ್ಣ ಮುಂದೆಯೇ ನಡೆಯಬೇಕು. "ಯಾಕಮ್ಮಾ, ನಿಮ್ಮೆಜಮಾನ್ರು ನಿಂತ್ಕಂಡೇ ಉಣ್ತವ್ರೆ?"

"ಕೇಳಬೇಡಿ ಅಕ್ಕಾ" ಎಂದು ಮುನಿಲಕ್ಷ್ಮಮ್ಮ ಕಣ್ಣು ತುಂಬಿಕೊಂಡು ಒಳಗೆ ಹೋದಳು.

ಕೇಳಬಾರದ್ದು, ಹೇಳಬಾರದ್ದು ಅಂದರೆ ಹರಕೆಯಲ್ಲದೆ ಇನ್ನೇನು? ಮಧ್ಯಾಹ್ನದ ಹೊತ್ತಿಗೆ ಚಲುವಯ್ಯನವರು ಕೂರುವುದಿಲ್ಲವೆಂದು ಅಮ್ಮನವರಿಗೆ ಹರಕೆ ಹೊತ್ತಿದ್ದಾರೆ, ಊರಿನ ಮೇಲೆ ಬಾಂಬು ಬೀಳದಿರಲಿ ಎಂದು ನಿಂತಿದ್ದಾರೆ ಎಂಬ ಸುದ್ದಿ ಹಲಸೂರಿನ ಬಜಾರಿಗೆ ಹೋಗಿ ದೊಮ್ಮಲೂರಿನ ದಾರಿ ಹಿಡಿಯಿತು. ಬಾಗಿಲ ಮುಂದೆ ಯಾರೋ ಅರಿಸಿನ ಕುಂಕುಮ ಇಟ್ಟು ತೆಂಗಿನಕಾಯಿ ಒಡೆದರು.

ಕಚೇರಿಯಲ್ಲಿ ಇದೇ ನಿಲುವಿಗೆ ಬೇರೆ ಅರ್ಥ ಹುಟ್ಟಿತು. ಚಲುವಯ್ಯನವರು ಕಂಬಳಿಯ ಗಂಟುಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಕಡತವಿಟ್ಟು ಬರೆಯುತ್ತಿದ್ದರು.

"ಕೂತ್ಕೊಳ್ರೀ" ಎಂದರು ಅಂಜನಮೂರ್ತಿ.

"ಬೇಡ ಸಾರ್. ನಿಂತೇ ಇರ್ತೀನಿ."

"ಯಾಕೆ?"

"ಸುಮ್ನೆ ಸಾರ್."

ಅದು ಎಂಥ ತಿಂಗಳು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಊರೆಲ್ಲ ಹರತಾಳ. ಹುಡುಗರು ಕಾಲೇಜಿಗೆ ಹೋಗುವುದಿಲ್ಲ ಎನ್ನುತ್ತಿದ್ದರು, ಅಂಗಡಿಯವರು ಬಾಗಿಲು ತೆಗೆಯುವುದಿಲ್ಲ ಎನ್ನುತ್ತಿದ್ದರು, ದಿನಕ್ಕೊಂದು ಬಗೆಯ ಸತ್ಯಾಗ್ರಹ. ಬಿಳಿಯರ ಕಚೇರಿಯಲ್ಲಿ, ಸರ್ಕಾರ ಕೊಟ್ಟ ಕುರ್ಚಿಯಲ್ಲಿ ಕೂರುವುದಿಲ್ಲ ಎನ್ನುವ ಗುಮಾಸ್ತನನ್ನು ಕಂಡು ಅಂಜನಮೂರ್ತಿಯವರ ತಗಡಿನ ಟೋಪಿಯೊಳಗೆ ಬೆವರು ಕಿತ್ತುಕೊಂಡಿತು. ಹಿಂದಿನಿಂದ ಬಂದು ಚಲುವಯ್ಯನವರ ಅಂಗಿಯ ಕೊರಳಪಟ್ಟಿ ಎತ್ತಿ ಒಳಗೇನಾದರೂ ಖಾದಿ ಇದೆಯೇ ಎಂದು ನೋಡಿದರು.

"ಚಲುವಯ್ಯನೋರೇ, ನಾನೂ ದೇಶಭಕ್ತನೇ. ಆದ್ರೆ ಪೆನ್ಶನ್ ಆಗೋವರೆಗೂ ತಡ್ಕೊಂಡಿದೀನಿ. ನೀವೂ ತಡ್ಕೊಳ್ರೀ. ದಮ್ಮಯ್ಯ ಕೂತ್ಕೊಳ್ರೀ."

ಚಲುವಯ್ಯನವರಿಗೆ ಅಳು ಬಂತು. ಕೂರಬೇಕೆಂಬ ಆಸೆ ಅಂಜನಮೂರ್ತಿಗಿಂತ ಅವರಿಗೇ ಹೆಚ್ಚಾಗಿತ್ತು. ಆದರೆ ಹೇಳುವುದು ಹೇಗೆ?

ಸುದ್ದಿ ಕ್ಯಾಪ್ಟನ್ ಬಾರ್ಟ್‌ಲೆಟ್ ದೊರೆಯ ಕಿವಿಗೆ ಹೋಯಿತು. ಅವನು ಕೆಂಪಗೆ ಬಂದು "ಬೈಠೋ!" ಎಂದ. ಚಲುವಯ್ಯನವರು ಕಂಬಳಿಯ ಗಂಟು ಹಿಡಿದುಕೊಂಡು, "ಐ ಪ್ರಿಫರ್ ಸ್ಟ್ಯಾಂಡಿಂಗ್, ಸರ್" ಎಂದರು. ಇದಕ್ಕಿಂತ ದಿಟ್ಟ ಮಾತು ಆ ಕಚೇರಿಯಲ್ಲಿ ಯಾವ ಗುಮಾಸ್ತನ ಬಾಯಿಂದಲೂ ಬಂದಿರಲಿಲ್ಲ. ದೊರೆ ಅಂಜನಮೂರ್ತಿಯವರ ಕಡೆ ತಿರುಗಿ, ಗುರುವಾರ ಬ್ರಿಗೇಡಿಯರ್ ಸಾಹೇಬರು ತನಿಖೆಗೆ ಬರುತ್ತಾರೆ, ಆ ಹೊತ್ತಿಗೆ ಈ ಮನುಷ್ಯ ತನ್ನ ಕುರ್ಚಿಯಲ್ಲಿ ಕೂತಿರದಿದ್ದರೆ ಅಂದೇ ಅವನ ನೌಕರಿ ಮುಗಿಯಿತು ಎಂದು ಹೇಳಿ ಹೋದ.

ಮಂಗಳವಾರ ದೊಡ್ಡಮುನಿಯಪ್ಪನವರು ಗರಡಿಗೆ ಯಾಕೆ ಬರಲಿಲ್ಲವೆಂದು ವಿಚಾರಿಸಲು ಮನೆಗೇ ಬಂದರು. ಇಡೀ ಊರಿನಲ್ಲಿ ಚಲುವಯ್ಯನವರ ಕಾಲು ನೋಡಿದೊಡನೆ ಸಂಗತಿ ತಿಳಿದವರು ಅವರೊಬ್ಬರೇ. "ಹಿಡ್ಕಂಡೈತೆ ಅಷ್ಟೇಯ. ಇದಕ್ಕೆ ಒಂದೇ ಮದ್ದು. ಇನ್ನೊಂದಷ್ಟು ಬಸ್ಕಿ ಹೊಡೆದ್ರೆ ಬಿಟ್ಕತೈತೆ" ಎಂದರು. ಮುನಿಲಕ್ಷ್ಮಮ್ಮ ಒಳಗಿನಿಂದ ಒನಕೆ ಹಿಡಿದು ಬಂದದ್ದನ್ನು ಕಂಡು, ಹೆಂಗಸರ ಎದುರು ಗರಡಿಯ ಮಾತು ಸಲ್ಲದೆಂದು ಎದ್ದುಹೋದರು.

ಬುಧವಾರ ಸಾಯಂಕಾಲ ಅವಳು ಗಂಡನನ್ನು ಬಜಾರು ಬೀದಿಯ ಡಾಕ್ಟರು ಸಂಜೀವಪ್ಪನವರ ಹತ್ತಿರ ನಡೆಸಿಕೊಂಡು ಹೋದಳು. ಕಾಲು ಮಡಿಸದೆ ನಡೆಯುತ್ತಿದ್ದ ಚಲುವಯ್ಯನವರನ್ನು ಕಂಡು, ತಮ್ಮ ಕವಾಯತನ್ನು ಅಣಕಿಸುತ್ತಿದ್ದಾನೆಂದು ಇಬ್ಬರು ಟಾಮಿ ಸಿಪಾಯಿಗಳು ಬೈದುಕೊಂಡು ಹೋದರು. ಡಾಕ್ಟರು ತೊಡೆ ಒತ್ತಿ ನೋಡಿ, ಸೀಸೆಯಲ್ಲಿದ್ದ ಡಿಕಾಕ್ಷನ್ ಬಣ್ಣವನ್ನು ಬೆಳಕಿಗೆ ಹಿಡಿದು ಗಂಭೀರರಾದರು.

"ಯಾವ ಮನೆ ಬಿತ್ರೀ ನಿಮ್ಮ ಮೇಲೆ?"

"ಮನೆಯಾ? ಯಾವ್ದೂ ಬಿದ್ದಿಲ್ಲ ಡಾಕ್ಟ್ರೇ."

"ಲಂಡನ್ನಲ್ಲಿ ಬಾಂಬು ಬಿದ್ದು ಗೋಡೆ ಕೆಳಗೆ ಸಿಕ್ಕೊಂಡೋರಿಗೆ ಹಿಂಗೇ ಆಗಿತ್ತಂತೆ, ಪುಸ್ತಕದಲ್ಲಿ ಓದಿದ್ದೆ. ಮಾಂಸಖಂಡ ಜಜ್ಜಿ ಹೋಗಿ ಮೂತ್ರದಲ್ಲಿ ಇಳಿಯುತ್ತೆ. ಏನ್ ಮಾಡಿದ್ರಿ, ಹೇಳಿ."

ಚಲುವಯ್ಯನವರು ಬಾಗಿಲು ಹಾಕಿಸಿ ಪಿಸುದನಿಯಲ್ಲಿ ಹೇಳಿದರು. ಡಾಕ್ಟರು ಸೀಸೆಯನ್ನು ಮೇಜಿನ ಮೇಲಿಟ್ಟರು.

"ಹಿಟ್ಲರ್ ಅಷ್ಟು ದೂರದಿಂದ ವಿಮಾನ ಕಳ್ಸಿ ಮಾಡೋ ಕೆಲ್ಸಾನ ನೀವೊಬ್ರೇ ಒಂದು ಬೆಳಿಗ್ಗೆ ಮಾಡ್ಕೊಂಡಿದೀರಲ್ರೀ! ಇನ್ನೊಂದು ಸ್ವಲ್ಪ ಹೊಡೆದಿದ್ರೆ ಮೂತ್ರಪಿಂಡ ನಿಂತೋಗಿರೋದು. ಕೊಡಗಟ್ಟಲೆ ನೀರು ಕುಡೀರಿ, ಮಲಗಿ, ಏಳಬೇಡಿ."

"ನಾಳೆ ಕೂರಬಹುದಾ ಡಾಕ್ಟ್ರೇ?"

"ಮಲಗಬಹುದು."

"ಕೂರಬಹುದಾ?"

"ನಿಮಗೆ ಪ್ರಾಣ ಮುಖ್ಯವೋ ಕುರ್ಚಿ ಮುಖ್ಯವೋ? ಸರ್ಟಿಫಿಕೇಟ್ ಬರ್ಕೊಡ್ತೀನಿ, ಬಸ್ಕಿಯಿಂದ ಹಿಂಗಾಗಿದೆ ಅಂತ."

"ಶೀತ ಅಂತ ಬರೆಯೋಕಾಗಲ್ವಾ?"

"ಶೀತಕ್ಕೆ ಯಾರ್ರೀ ಮೂರು ದಿನ ನಿಂತಿರ್ತಾರೆ?"

ಗುರುವಾರ ಬೆಳಿಗ್ಗೆ ಮುನಿಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತಳು. "ಕೆಲ್ಸ ಹೋದ್ರೆ ಹೋಗ್ಲಿ. ನೀವಿದ್ರೆ ಸಾಕು ನಂಗೆ" ಎಂದು ಅತ್ತಳು. ಚಲುವಯ್ಯನವರು ಅವಳ ಕಣ್ಣೊರೆಸಿದರು. ಆದರೂ ಹೋದರು. ಹೊಟ್ಟೆಗೆ ಅನ್ನ ಹಾಕುವ ಕುರ್ಚಿ ಅದೊಂದೇ. ಜಟಕಾದಲ್ಲಿ ಉದ್ದಕ್ಕೆ ಮಲಗಿಕೊಂಡು, ಎರಡು ಪಾದ ಹಿಂದೆ ಹೊರಗೆ ಚಾಚಿಕೊಂಡು ಕಂಟೋನ್ಮೆಂಟಿಗೆ ಹೋದರು. ವಠಾರದ ಬಾಗಿಲಲ್ಲಿ ಸೇರಿದ್ದ ಜನ ಎರಡು ಪಂಗಡವಾಗಿ, ಇದು ಹರಕೆಯೋ ಸತ್ಯಾಗ್ರಹವೋ ಎಂದು ಜಗಳವಾಡುತ್ತಿದ್ದರು. ಜಟಕಾ ಹೊರಟಾಗ ಮಾತ್ರ ಒಟ್ಟಿಗೆ ಕೈಮುಗಿದರು.

ಕಚೇರಿಯಲ್ಲಿ ವಾಜಿದ್, ಜವಾನ ರಾಮಯ್ಯ ಇಬ್ಬರೂ ಸೇರಿ ಅವರನ್ನು ಕುರ್ಚಿಯ ಮುಂದೆ ನಿಲ್ಲಿಸಿದರು. "ಯಾ ಅಲ್ಲಾ, ಕಣ್ಣು ಮುಚ್ಕೊಳ್ಳಿ ಭಾಯಿ" ಎಂದು ವಾಜಿದ್ ಭುಜ ಒತ್ತಿದ. ರಾಮಯ್ಯ ಮಂಡಿಯ ಹಿಂದೆ ಒಂದೇಟು ಕೊಟ್ಟ. ಆಗ ಬಂದ ಕೂಗಿಗೆ ಅಂಜನಮೂರ್ತಿಯವರು ಸೀಟಿ ಊದಿ ಮೇಜಿನ ಕೆಳಗೆ ನುಗ್ಗಿದರು. ಏಳು ಗುಮಾಸ್ತರು ಅವರ ಹಿಂದೆಯೇ ನುಗ್ಗಿದರು. ಆಕಾಶ ನಿರ್ಮಲವಾಗಿತ್ತು.

ಚಲುವಯ್ಯನವರು ಕೂತಿದ್ದರು. ನೋವು ನಿಧಾನವಾಗಿ ಇಳಿದು, ನಾಲ್ಕು ದಿನದಿಂದ ಕಾಣದ ಸುಖ ಬೆನ್ನಿನಿಂದ ಮೇಲೇರಿತು. ಅವರಿಗೆ ಸಂತೋಷದಿಂದ ಕಣ್ಣು ತುಂಬಿತು. ಕ್ಯಾಪ್ಟನ್ ದೊರೆ ಬಾಗಿಲಲ್ಲಿ ಇಣುಕಿ ನೋಡಿ ತಲೆಯಾಡಿಸಿದ. ನೌಕರಿ ಉಳಿಯಿತು. ಈ ಕಥೆ ಇಲ್ಲಿಗೇ ಮುಗಿದಿದ್ದರೆ ನನಗೂ ಸಮಾಧಾನವಾಗುತ್ತಿತ್ತು.

ಅಷ್ಟರಲ್ಲಿ ಬ್ರಿಗೇಡಿಯರ್ ಸಾಹೇಬರು ಒಳಗೆ ಬಂದರು. ಇಡೀ ಕಚೇರಿ ಒಂದೇ ಸಲಕ್ಕೆ ಎದ್ದು ನಿಂತಿತು.

ಚಲುವಯ್ಯನವರು ಏಳಲಿಲ್ಲ. ಮೇಜಿಗೆ ಕೈ ಕೊಟ್ಟು ನೂಕಿದರು, ಮೇಜು ಮುಂದೆ ಹೋಯಿತು, ಅವರು ಅಲ್ಲೇ ಉಳಿದರು. ಬ್ರಿಗೇಡಿಯರ್ ತಮ್ಮ ಬೆತ್ತವನ್ನು ಆ ಕಡೆ ತೋರಿಸಿ, ಆ ಮನುಷ್ಯ ಯಾಕೆ ಎದ್ದು ನಿಂತಿಲ್ಲ ಎಂದು ಕೇಳಿದರು.

"ಸರ್, ಮೂರು ದಿನದಿಂದ ಕೂರ್ತಿರಲಿಲ್ಲ ಸರ್" ಎಂದು ಅಂಜನಮೂರ್ತಿ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ತೊದಲಿದರು. "ಈಗ ಏಳ್ತಿಲ್ಲ ಸರ್."

ಚಲುವಯ್ಯನವರಿಗೆ ಇನ್ನು ಮರ್ಯಾದೆ ಉಳಿಸಿಕೊಳ್ಳುವಷ್ಟು ತ್ರಾಣ ಇರಲಿಲ್ಲ. ಅಂಜನಮೂರ್ತಿಯ ಎದುರಿಗೇ, ಇಡೀ ಕಚೇರಿಯ ಎದುರಿಗೇ ಎಲ್ಲ ಹೇಳಿಬಿಟ್ಟರು. ತಾನು ಬದುಕಿನಲ್ಲಿ ಒಂದು ಬಸ್ಕಿಯನ್ನೂ ಹೊಡೆದವನಲ್ಲ, ಐನೂರು ಎಂದದ್ದು ಸುಳ್ಳು, ಭಾನುವಾರ ಒಂದು ದಿನ ಹೊಡೆದದ್ದಕ್ಕೆ ಕಾಲು ಹೋಗಿದೆ ಎಂದರು. ಬ್ರಿಗೇಡಿಯರ್ ಸಾಹೇಬರು ಅವರ ಹೊಟ್ಟೆಯನ್ನು ನೋಡಿದರು.

"ಕಾಲು ಹೋಗುವವರೆಗೆ ಹೊಡೆದೆಯಾ? ಹಾಗೆ ಹೊಡೆ ಎಂದು ಯಾರು ಅಪ್ಪಣೆ ಕೊಟ್ಟರು?"

"ಯಾರೂ ಕೊಡಲಿಲ್ಲ ಸರ್. ಯಾರೂ ಸಾಕು ಅನ್ನಲಿಲ್ಲ."

ಯಾರೂ ನಂಬಲಿಲ್ಲ. ಅಪ್ಪಣೆಯಿಲ್ಲದೆ ಒಬ್ಬ ಮನುಷ್ಯ ತನಗೆ ತಾನೇ ಇಷ್ಟು ಮಾಡಿಕೊಂಡಾನೆಂದು ಬ್ರಿಗೇಡಿಯರ್ ನಂಬಲಿಲ್ಲ. ಇಷ್ಟು ಬಾಲಿಶವಾದ ಕಾರಣವನ್ನು ಸೃಷ್ಟಿಸಬೇಕಾದರೆ ಅದರ ಹಿಂದೆ ದೊಡ್ಡ ತಲೆಯೇ ಇರಬೇಕೆಂದುಕೊಂಡು ಕ್ಯಾಪ್ಟನ್ ನಂಬಲಿಲ್ಲ. ಅಂಜನಮೂರ್ತಿಯವರಂತೂ, "ಕೊನೇವರೆಗೂ ಗುಟ್ಟು ಬಿಡಲಿಲ್ಲ ನೋಡಿ, ಎಂಥ ಗಟ್ಟಿ ಮನುಷ್ಯ" ಎಂದು ಭಕ್ತಿಯಿಂದ ಪಿಸುಗುಟ್ಟಿದರು. ನಿಜ ಹೇಳಿದ್ದಕ್ಕೆ ಚಲುವಯ್ಯನವರು ನಿಮಿಷದೊಳಗೆ ನೌಕರಿ ಕಳೆದುಕೊಂಡರು. ಈಗಿಂದೀಗಲೇ ಹೊರಗೆ ನಡೆ ಎಂದು ಹುಕುಂ ಆಯಿತು. ನಡೆಯುವುದಕ್ಕೂ ಮೊದಲು ಏಳಬೇಕಲ್ಲ. ಕೊನೆಗೆ ವಾಜಿದ್, ರಾಮಯ್ಯ, ಇನ್ನಿಬ್ಬರು ಕೂಲಿಗಳು ಅವರನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೊರಗೆ ಬಂದರು.

ಮಿಲಿಟರಿ ಕಚೇರಿಯಿಂದ ಒಬ್ಬ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುವುದನ್ನು ಕಂಡ ಜನ ಸುಮ್ಮನಿರುತ್ತಾರೆಯೇ? ಎಲ್ಲಿಂದಲೋ ಹೂವಿನ ಹಾರ ಬಂತು. ಹರಕೆಯವರು ಅಮ್ಮನಿಗೆ ಜಯಕಾರ ಹಾಕಿದರು, ಸತ್ಯಾಗ್ರಹದವರು ಭಾರತಮಾತೆಗೆ ಹಾಕಿದರು, ದೊಡ್ಡಮುನಿಯಪ್ಪನವರ ಶಿಷ್ಯರು ಬಂದು ಆಂಜನೇಯನಿಗೆ ಹಾಕಿದರು. ಮೆರವಣಿಗೆ ಹಲಸೂರಿನ ಕೆರೆಯ ಏರಿಯ ಮೇಲೆ ಬರುವಾಗ ಉತ್ಸವಮೂರ್ತಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದರು.

ವಠಾರದ ಅಂಗಳದಲ್ಲಿ ಕುರ್ಚಿ ಇಳಿಸಿ, ಪೊಲೀಸರು ಬರುತ್ತಿದ್ದಾರೆ ಎಂಬ ಗುಲ್ಲು ಕೇಳಿ ಜನ ಚದುರಿದರು. ಚಲುವಯ್ಯನವರಿಗೆ ಎಚ್ಚರವಾದಾಗ ಮುನಿಲಕ್ಷ್ಮಮ್ಮ ನೀರಿನ ಚೊಂಬು ಹಿಡಿದು ನಿಂತಿದ್ದಳು.

"ಕೆಲ್ಸ?"

"ಹೋಯ್ತು."

"ಇವತ್ತು ನೀರಿಗೆ ಹೋದಾಗ ಬಣ್ಣ?"

"ತಿಳಿಯಾಗಿದೆ."

ಅವಳು ಸೆರಗಿನಿಂದ ಕಣ್ಣೊತ್ತಿಕೊಂಡು, "ಹಾಗಾದ್ರೆ ಕುಡೀರಿ" ಎಂದು ಚೊಂಬು ಕೊಟ್ಟಳು. ಸಂತೋಷವೋ ಸಂಕಟವೋ ಅವಳಿಗೇ ತಿಳಿಯಲಿಲ್ಲ.

ಜಗಲಿಯ ಅಂಚಿನಲ್ಲಿ ಜವಾನ ರಾಮಯ್ಯ ಇನ್ನೂ ಕೂತಿದ್ದ. ಚಲುವಯ್ಯನವರು ಅವನನ್ನು ನೋಡಿ, "ನೀನ್ಯಾಕೆ ಹೋಗ್ಲಿಲ್ಲ ರಾಮಯ್ಯ?" ಎಂದರು.

"ಕುರ್ಚಿ ಸರ್ಕಾರದ್ದು ಸ್ವಾಮಿ. ನೀವು ಎದ್ಮೇಲೆ ವಾಪಸ್ ತಕ್ಕಂಬಾ ಅಂದವ್ರೆ ಹೆಡ್ ಗುಮಾಸ್ತರು."

ಇದ್ದ ಒಂದು ಕುರ್ಚಿಯೂ ಹೋಗುವುದೆಂದು ಕೇಳಿ ಚಲುವಯ್ಯನವರ ಮುಖ ಬಾಡಿತು. ಕೈ ಊರಿ ಏಳಲು ನೋಡಿದರು, ಆಗಲಿಲ್ಲ. "ಕಾಲು ಬರ್ತಿಲ್ಲ ಕಣಪ್ಪ. ಹೊತ್ತಾಗುತ್ತೆ" ಎಂದು ನಾಚಿಕೊಂಡು ಹೇಳಿದರು.

"ಆಗ್ಲಿ ಬುಡಿ" ಎಂದು ರಾಮಯ್ಯ ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿಕೊಂಡ. "ನಿದಾನಕ್ಕೆ ಏಳಿ. ನೀವು ಮೂರು ದಿನ ನಿಂತಿದ್ದಕ್ಕೆ ಇಷ್ಟೆಲ್ಲ ಆಯ್ತು. ನಾನು ಆ ಕಚೇರಿ ಬಾಗ್ಲಲ್ಲಿ ನಿಂತು ಹದಿನೆಂಟು ವರ್ಸ ಆಯ್ತು ಸ್ವಾಮಿ, ಯಾಕೆ ನಿಂತಿದೀಯ ಅಂತ ಒಬ್ರೂ ಕೇಳ್ಲಿಲ್ಲ."